ಬಣ್ಣದ ಮಿಸ್ ಮಣ್ಣಿಗೆ ಕೈ ಹಾಕಿದ್ದು

ಬಣ್ಣದ ಮಿಸ್‌ಗೆ ಕೋಪ ಬರುವುದಿಲ್ಲ ಎನ್ನುವುದು ಶಾಲೆಯ ಗೋಡೆಗಳಿಗೂ ಗೊತ್ತಿದ್ದ ವಿಷಯ. ಅದಕ್ಕೇ ಇರಬೇಕು, ಪರೀಕ್ಷೆ ಹತ್ತಿರ ಬಂತೆಂದರೆ ಎಲ್ಲರ ಕಣ್ಣೂ ಅವರ ಚಿತ್ರಕಲೆ ಪೀರಿಯಡ್ಡಿನ ಮೇಲೆ ಬೀಳುತ್ತಿತ್ತು. ವಿಜ್ಞಾನದವರಿಗೆ ಪಾಠ ಮುಗಿದಿರುತ್ತಿರಲಿಲ್ಲ, ಸಮಾಜದವರಿಗೆ ರಿವಿಷನ್ ಆಗಿರುತ್ತಿರಲಿಲ್ಲ, ಗಣಿತದ ಸರ್‌ಗಂತೂ ವರ್ಷ ಪೂರ್ತಿ ಏನೋ ಒಂದು ಬಾಕಿ. ಅವರು ಬಾಗಿಲಲ್ಲಿ ತಲೆ ತೂರಿಸಿ, "ಮಿಸ್, ಇವತ್ತೊಂದು ಪೀರಿಯಡ್ ಬಿಟ್ಟುಕೊಡ್ತೀರಾ?" ಎಂದರೆ ಸಾಕು, ಮಿಸ್ ಕುಂಚ ತೊಳೆಯುತ್ತಲೇ, "ತಗೊಳ್ಳಿ ಸರ್, ನನ್ನ ಬಣ್ಣ ಏನೂ ಹಳಸಲ್ಲ" ಎಂದುಬಿಡುತ್ತಿದ್ದರು. ಮಕ್ಕಳು ಮುಖ ಊದಿಸಿಕೊಂಡು ಗಣಿತದ ಪುಸ್ತಕ ತೆಗೆಯುತ್ತಿದ್ದರು.

ಇದರಲ್ಲಿ ಮಿಸ್‌ಗೆ ಬೇಸರ ಇರಲಿಲ್ಲವೇ ಅಂದರೆ, ಇತ್ತು, ಆದರೆ ಅದು ಸಂಜೆವರೆಗೆ ಬಾಳುತ್ತಿರಲಿಲ್ಲ. ತಾವು ಹೈಸ್ಕೂಲಿನಲ್ಲಿದ್ದ ಕಾಲ ಅವರಿಗೆ ನೆನಪಿತ್ತು. ಆಗ ಚಿತ್ರ ಅನ್ನುವ ಪಾಠವೇ ಇರಲಿಲ್ಲ. ಜೀವಶಾಸ್ತ್ರದ ಕಪ್ಪೆಯ ಹೊಟ್ಟೆ ಬರೆಯುವುದೇ ಚಿತ್ರಕಲೆ. ಇಡೀ ತರಗತಿಗೆ ಕಪ್ಪೆಯ ಹೊಟ್ಟೆ ಬರೆದುಕೊಡುತ್ತಿದ್ದವರು ಇವರೇ. ಆಮೇಲೆ ಇಪ್ಪತ್ತು ದಾಟಿದ ಮೇಲೆ, ಹಗಲು ಒಂದು ಆಫೀಸಿನಲ್ಲಿ ಟೈಪು ಮಾಡುತ್ತ, ಸಂಜೆ ಕಲಾಶಾಲೆಗೆ ಹೋಗಿ ಕಲಿತದ್ದು. ಹಾಗಾಗಿ ವಾರಕ್ಕೆ ಒಂದು ಪೀರಿಯಡ್ಡಾದರೂ ಸರಿ, ಮಕ್ಕಳ ಕೈಗೆ ಬಣ್ಣ ಸಿಗುತ್ತದಲ್ಲ ಎನ್ನುವುದೇ ಅವರಿಗೆ ಹಬ್ಬ.

ಅವರ ಕೋಣೆ ಉದ್ದನೆಯ ವರಾಂಡದ ಕೊನೆಯಲ್ಲಿತ್ತು. ಮುರಿದ ಬೆಂಚುಗಳ ಉಗ್ರಾಣ ಒಂದು ಕಡೆ, ಮಕ್ಕಳು ಕೈ ತೊಳೆಯುವ ನಲ್ಲಿಗಳ ಸಾಲು ಇನ್ನೊಂದು ಕಡೆ. ದೊಡ್ಡ ಕಿಟಕಿಯಿಂದ ಬೆಳಗಿನ ಬೆಳಕು ಮೇಜುಗಳ ಮೇಲೆ ಅಡ್ಡಡ್ಡ ಬೀಳುತ್ತಿತ್ತು. ಅದೊಂದು ಬೆಳಕಿಗಾಗಿ ಈ ಕೋಣೆಯನ್ನು ಹೆಡ್‌ಮಾಸ್ತರರ ಕೋಣೆಯ ಜೊತೆಗೂ ಬದಲಾಯಿಸಿಕೊಳ್ಳುವುದಿಲ್ಲ ಎಂದು ಮಿಸ್ ಹೇಳುತ್ತಿದ್ದರು. ಬದಲಾಯಿಸಿಕೊಳ್ಳಿ ಎಂದು ಯಾರೂ ಕೇಳಿರಲಿಲ್ಲ, ಆ ಮಾತು ಬೇರೆ.

ಇಂಥ ಕಾಲದಲ್ಲಿ ಶಾಲೆಗೆ ಹೊಸ ಹೆಡ್‌ಮೇಡಂ ಬಂದರು. ಚುರುಕಿನ ಹೆಂಗಸು. ಕೂತಲ್ಲಿ ಕೂರುವವರಲ್ಲ. ಬಂದ ಕೆಲವೇ ದಿನದಲ್ಲಿ ಮಿಸ್‌ನ ಕರೆಸಿ ಕೂರಿಸಿಕೊಂಡು ಹೇಳಿದರು:

"ನೋಡಿ, ಮುಂದಿನ ವರ್ಷದಿಂದ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ದೃಶ್ಯಕಲೆಯನ್ನ ಪೂರ್ತಿ ವಿಷಯವಾಗಿಯೇ ತಗೋಬಹುದು. ಅಂಕ ಉಂಟು, ಪರೀಕ್ಷೆ ಉಂಟು, ವಾರಕ್ಕೆ ಐದು ಪೀರಿಯಡ್ಡು. ಯಾರೂ ಕಿತ್ತುಕೊಳ್ಳೋ ಹಾಗಿಲ್ಲ."

ಮಿಸ್‌ಗೆ ಕೇಳಿದ್ದು ನಿಜವೋ ಸುಳ್ಳೋ ಎನ್ನಿಸಿತು. "ಐದಾ ಮೇಡಂ?"

"ಐದು. ಆದ್ರೆ ಬರೀ ಬಣ್ಣ ಬಳಿಯೋದಲ್ಲ. ಮೊದಲು ರೇಖಾಚಿತ್ರ ಎಲ್ಲರಿಗೂ. ಆಮೇಲೆ ಮಕ್ಕಳೇ ಆರಿಸಿಕೊಳ್ಳಬೇಕು: ವರ್ಣಚಿತ್ರ, ಅಚ್ಚಿನ ಚಿತ್ರ, ಫೋಟೊ, ಮಣ್ಣಿನ ಕೆಲಸ. ಈ ನಾಲ್ಕರಲ್ಲಿ ಹೆಚ್ಚು ಮಕ್ಕಳು ಕೇಳಿದ್ದನ್ನ ಮೊದಲ ವರ್ಷ ಶುರು ಮಾಡೋಣ. ಏನಂತೀರಿ?"

ಮಿಸ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ವರ್ಣಚಿತ್ರ ಅವರ ಉಸಿರು. ಅಚ್ಚು ಕಲಿತದ್ದುಂಟು. ಫೋಟೊ ಅಂದರೆ ಬೆಳಕಿನ ಲೆಕ್ಕ, ಸಂಭಾಳಿಸಬಹುದು. ಮಣ್ಣೊಂದು ಮಾತ್ರ ಅವರು ಮುಟ್ಟಿದ್ದಲ್ಲ. ಆದರೆ ಇಷ್ಟು ದೊಡ್ಡ ಮಕ್ಕಳು ಯೂನಿಫಾರಂ ಕೊಳೆ ಮಾಡಿಕೊಂಡು ಮಣ್ಣು ಯಾಕೆ ಆರಿಸುತ್ತಾರೆ? "ಆಗಲಿ ಮೇಡಂ, ನಾಲ್ಕೂ ಇಡಿ" ಎಂದು ಎದ್ದು ಬಂದರು.

ಆಯ್ಕೆಯ ದಿನ ಬಣ್ಣದ ಮಿಸ್‌ನ ಕೋಣೆಯ ಮುಂದೆ ಸಾಲು ವರಾಂಡದ ತುದಿಯವರೆಗೆ ಬೆಳೆದಿತ್ತು. ಮಿಸ್ ಬಾಗಿಲಿಗೆ ಬಂದು ನಿಂತರು. ಇಷ್ಟು ಮಕ್ಕಳಿಗೆ ಕಲೆಯ ಮೇಲೆ ಪ್ರೀತಿ ಇತ್ತೇ, ಇಷ್ಟು ದಿನ ನಾನೇ ಗುರುತಿಸಲಿಲ್ಲವೇ ಎಂದುಕೊಂಡರು. ಸಾಲಿನ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದ ಮೇಲೆ ವಿಷಯ ಅರ್ಥವಾಯಿತು. ಗಣಿತದಲ್ಲಿ ಮುಗ್ಗರಿಸಿದವರು, ಹೋಂವರ್ಕ್ ಎಂದರೆ ಮಾರು ದೂರ ಓಡುವವರು, ಕೊನೆಯ ಬೆಂಚಿನ ಖಾಯಂ ಗಿರಾಕಿಗಳು, ಎಲ್ಲರೂ ಅಲ್ಲೇ ಇದ್ದರು. ಆ ಹಾದಿಯಲ್ಲಿ ಹೋಗುತ್ತಿದ್ದ ಗಣಿತದ ಸರ್ ನಿಂತು ಸಾಲನ್ನೊಮ್ಮೆ ಕಣ್ಣಲ್ಲೇ ಅಳೆದು, "ಮಿಸ್, ನನ್ನ ಅರ್ಧ ಭಾರ ನಿಮ್ಮ ತಲೆ ಮೇಲೆ ಬಂತು. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ" ಎಂದು ಕೈಮುಗಿದು ಹೋದರು.

ಸಾಲಿನಲ್ಲಿ ಕಟ್ಟಕಡೆಗೆ ಬಂದವಳು ಒಂಬತ್ತನೇ ಕ್ಲಾಸಿಗೆ ಹೋಗಲಿದ್ದ ಒಬ್ಬ ಹುಡುಗಿ. ಎಲ್ಲಕ್ಕೂ ತಡವಾಗಿ ಬರುತ್ತಿದ್ದಳೆಂದು ಗೆಳತಿಯರು ಅವಳಿಗೆ 'ಆಮೆ' ಎಂದು ಹೆಸರಿಟ್ಟಿದ್ದರು. ಅವಳಿಗೂ ಅದು ಒಗ್ಗಿಹೋಗಿತ್ತು.

"ನೀನು ಏನು ಆರಿಸಿದೆಯಮ್ಮ?"

"ಮಣ್ಣು, ಮಿಸ್."

"ಯಾಕೆ?"

"ಮನೆಗೆ ಒಯ್ದು ಮಾಡೋಕಾಗಲ್ವಲ್ಲ ಮಿಸ್. ಅದಕ್ಕೆ."

ಅವಳೊಬ್ಬಳೇ ಅಲ್ಲ. ಮಣ್ಣಿನಲ್ಲಿ ಹೋಂವರ್ಕ್ ಕೊಡಲು ಬರುವುದಿಲ್ಲ ಎಂಬ ಮಹಾಜ್ಞಾನ ಊರೆಲ್ಲ ಹಬ್ಬಿತ್ತು. ಎಣಿಸಿ ನೋಡಿದಾಗ ಮುಕ್ಕಾಲು ಪಾಲು ಮಕ್ಕಳು ಮಣ್ಣನ್ನೇ ಬರೆದಿದ್ದರು.

ಆ ಸಂಜೆ ಮಿಸ್ ಮನೆಗೆ ಬಂದವರು ಚೀಲ ಇಡುವುದನ್ನೂ ಮರೆತು ನಿಂತರು. ಮನೆಯಲ್ಲಿದ್ದವರು ಮೂವರು. ಮುಖ್ಯ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ, ಮಾತಿಗೊಂದು ಗಾದೆ ಇಟ್ಟುಕೊಂಡಿದ್ದ ಅತ್ತೆ, ಮತ್ತು ಅಮ್ಮನ ಬಣ್ಣದ ಪೆಟ್ಟಿಗೆಯ ಕಡೆ ಹುಟ್ಟಿದಾಗಿನಿಂದ ತಿರುಗಿಯೂ ನೋಡದ, ಲೆಕ್ಕ ಬಿಡಿಸುವುದನ್ನೇ ಆಟವಾಗಿಸಿಕೊಂಡಿದ್ದ ಮಗಳು.

"ನನಗೆ ಬರದೇ ಇರೋದನ್ನೇ ಎಲ್ಲರೂ ಕೇಳಿದ್ದಾರೆ ಕಣ್ರೀ" ಎಂದರು ಮಿಸ್.

ಗಂಡ ಯಾರದೋ ಕನ್ನಡಕದ ಕಾಲಿಗೆ ಸ್ಕ್ರೂ ಬಿಗಿಯುತ್ತಿದ್ದವರು ತಲೆ ಎತ್ತಲಿಲ್ಲ. "ಕಲಿತುಬಿಡು."

"ಈ ವಯಸ್ಸಲ್ಲಾ? ಐವತ್ತಕ್ಕೆ ಬಂದೆ."

"ಐವತ್ತಾದ ಮೇಲೆ ಓದೋ ಕನ್ನಡಕ ಹಾಕ್ಕೊಂಡು ಓದಲ್ವಾ? ಹಾಗೇ ಇದೂ."

ಅತ್ತೆ ಒಳಗಿನಿಂದಲೇ ಕೂಗಿದರು: "ಕೈ ಕೆಸರಾದರೆ ಬಾಯಿ ಮೊಸರು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ ಕಣಮ್ಮ. ಹೋಗಿ ಕೆಸರು ಮಾಡ್ಕೋ. ಮನೆ ನಾನು ನೋಡ್ಕೋತೀನಿ."

ಮಗಳು ಮಾತ್ರ ಕೆಲಸಕ್ಕೆ ಬರುವ ಮಾತಾಡಿದಳು. "ಅಮ್ಮ, ನಿನ್ನ ಹಳೇ ಸ್ಟೂಡೆಂಟ್ ಒಬ್ಬಳು ಕಾಲುವೆ ಪಕ್ಕ ಮಡಿಕೆ, ಟೈಲ್ಸ್ ಎಲ್ಲ ಮಾಡ್ತಾಳಲ್ಲ? ಅವಳ ಹತ್ರ ಕಲಿ."

ಆ ಹಳೇ ಸ್ಟೂಡೆಂಟನ್ನು ಮಿಸ್ ಮರೆತಿರಲಿಲ್ಲ. ಆರನೇ ಕ್ಲಾಸಿನಲ್ಲಿ ಸೀಮೆಸುಣ್ಣ ತಿನ್ನುತ್ತಿದ್ದ ಹುಡುಗಿ. 'ಸೀಮೆಸುಣ್ಣ' ಎಂದೇ ಅವಳನ್ನು ಕರೆಯುತ್ತಿದ್ದರು. ಈಗ ಅವಳಿಗೆ ಸ್ವಂತ ವರ್ಕ್‌ಶಾಪು, ಇಬ್ಬರು ಕೆಲಸದವರು, ದೊಡ್ಡ ದೊಡ್ಡ ಹೋಟೆಲುಗಳಿಂದ ಆರ್ಡರು. ರಜೆ ಶುರುವಾದ ಮೊದಲ ಸೋಮವಾರ ಮಿಸ್ ಹಳೆಯ ಏಪ್ರನ್ ಕಂಕುಳಲ್ಲಿಟ್ಟುಕೊಂಡು ಅವಳ ಬಾಗಿಲು ತಟ್ಟಿದರು.

ಸೀಮೆಸುಣ್ಣ ಓಡಿಬಂದು ಕಾಲಿಗೆ ಬೀಳಲು ಹೊರಟಳು. ಕಾರಣ ಕೇಳಿದ ಮೇಲೆ, "ಮಿಸ್, ಪಾಠಕ್ಕೆ ಕೂತರೆ ನಾನು ಬೈತೀನಿ. ಆಮೇಲೆ ಬೇಜಾರು ಮಾಡ್ಕೋಬಾರದು" ಎಂದಳು.

"ಬೈಯಮ್ಮ. ನಿನಗೆ ನಾನು ಎಷ್ಟು ಬೈದಿದ್ದೀನೋ."

"ನೀವು ಎಲ್ಲಿ ಬೈದಿದ್ರಿ ಮಿಸ್? 'ಬಿಳಿ ಬೇಡ, ಹಳದಿ ತಿನ್ನು, ರುಚಿ ಬದಲಾಗಲಿ' ಅಂತಿದ್ರಿ, ಅಷ್ಟೇ."

ಮೊದಲ ವಾರ ಚಕ್ರದ ಹತ್ತಿರಕ್ಕೂ ಬಿಡಲಿಲ್ಲ ಅವಳು. ಬರೀ ಮಣ್ಣು ನಾದಿಸಿದಳು. ಹಿಟ್ಟು ನಾದಿದ ಹಾಗೆ ಅಂಗೈಯ ಬುಡದಿಂದ ಒತ್ತಿ, ಮಡಿಸಿ, ತಿರುಗಿಸಿ, ಮತ್ತೆ ಒತ್ತಬೇಕು. ಒಳಗೆ ಗಾಳಿಗುಳ್ಳೆ ಉಳಿಯಬಾರದು. ಮಿಸ್‌ನ ಭುಜಗಳು ಬಿದ್ದುಹೋದವು. ಎರಡನೇ ವಾರ ಚಕ್ರಕ್ಕೆ ಕೂರಿಸಿದಳು. ಕಾಗದದ ಮೇಲೆ ಒಂದೇ ಎಳೆತಕ್ಕೆ ಆನೆ ತರಿಸುತ್ತಿದ್ದ ಕೈಗೆ, ತಿರುಗುವ ಆ ಮಣ್ಣಿನ ಮುದ್ದೆಯನ್ನು ನಡುವಿಗೆ ತರಲು ಬರಲಿಲ್ಲ. ಅದು ಕುಡುಕನ ಹಾಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿ, ಕೊನೆಗೆ ಪಟ್ಟೆಂದು ಹಾರಿ ಗೋಡೆಗೆ ಅಂಟಿತು.

"ಮಿಸ್, ಮೊಣಕೈ! ಮೊಣಕೈನ ತೊಡೆಗೆ ಊರಿ. ಕೈಯಲ್ಲಿ ಅಲ್ಲ, ಮೈಯಲ್ಲಿ ಹಿಡೀಬೇಕು."

"ಊರಿದ್ದೀನಮ್ಮ."

"ಊರಿಲ್ಲ. ಊರಿದ್ದೀನಿ ಅಂದ್ಕೊಂಡಿದ್ದೀರಿ."

ಈ ಮಾತು ಕೇಳಿ ಮಿಸ್‌ಗೆ ಎಂಥ ನಗು ಬಂತೆಂದರೆ ಚಕ್ರ ನಿಲ್ಲಿಸಬೇಕಾಯಿತು. ಇಪ್ಪತ್ತು ವರ್ಷದಿಂದ ಅವರೇ ಮಕ್ಕಳಿಗೆ ಹೇಳುತ್ತ ಬಂದದ್ದು ಇದನ್ನೇ: 'ನೋಡಿಲ್ಲ ನೀನು, ನೋಡಿದ್ದೀನಿ ಅಂದ್ಕೊಂಡಿದ್ದೀಯ.' ಬಹಳ ಕಾಲದ ಮೇಲೆ ಏನೂ ಬಾರದವರಾಗಿ ಒಂದು ಕಡೆ ಕೂತಿದ್ದರು. ಅದು ಇಷ್ಟು ಹಗುರವಾಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಬಟ್ಟಲು ಮಾಡಲು ಹೋದರೆ ತಟ್ಟೆಯಾಯಿತು, ಹೂಜಿ ಮಾಡಲು ಹೋದರೆ ಬಟ್ಟಲಾಯಿತು. "ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗೆ" ಎಂದು ಅತ್ತೆ ನಕ್ಕರು. ಗಂಡ ಮಾತ್ರ ಸೊಟ್ಟ ಬಟ್ಟಲುಗಳನ್ನೆಲ್ಲ ಅಂಗಡಿಗೆ ಒಯ್ದು ಸಣ್ಣ ಸ್ಕ್ರೂ, ಮೂಗಿನ ಮೆತ್ತೆ, ಒರೆಸುವ ಬಟ್ಟೆ ತುಂಬಿಟ್ಟರು. ಗಿರಾಕಿಗಳು ಕೇಳಿದರೆ, "ಕನ್ನಡಕ ಬದಲಾಯಿಸೋ ಕಾಲ ಬಂದಿದೆಯಾ ಅಂತ ಇದರಲ್ಲೇ ಗೊತ್ತಾಗುತ್ತೆ. ಇದು ನಿಮಗೆ ದುಂಡಗೆ ಕಂಡರೆ ತಕ್ಷಣ ಪರೀಕ್ಷೆ ಮಾಡಿಸಿ" ಎನ್ನುತ್ತಿದ್ದರಂತೆ.

ರಜೆ ಮುಗಿಯುವ ಹೊತ್ತಿಗೆ ಮಿಸ್‌ಗೆ ಚಕ್ರ ಒಲಿಯದಿದ್ದರೂ ಕೈಕೆಲಸ ಒಲಿದಿತ್ತು. ಮುದ್ದೆಯನ್ನು ಚಿವುಟುತ್ತ ಚಿವುಟುತ್ತ ಬಟ್ಟಲು ಮಾಡುವುದು, ಮಣ್ಣನ್ನು ಹುರಿಯಂತೆ ಹೊಸೆದು ಸುತ್ತಿ ಎತ್ತರಿಸುವುದು, ಎರಡು ತುಂಡು ಕೂಡಿಸುವಾಗ ಗೀರು ಹಾಕಿ ಕೆಸರಿನ ಗಂಜಿ ಸವರುವುದು, ಇಷ್ಟೂ ಬಂದವು. ಹೈಸ್ಕೂಲಿನ ಮಕ್ಕಳಿಗೆ ಇಷ್ಟು ಸಾಕು ಎಂದಳು ಸೀಮೆಸುಣ್ಣ. ಸುಡುವ ಕೆಲಸದ ಬಗ್ಗೆ ಮಾತ್ರ ಎಚ್ಚರಿಸಿದಳು: "ಒಣಗಿಲ್ಲದ್ದನ್ನ ಬೆಂಕಿಗೆ ಇಡಬೇಡಿ ಮಿಸ್. ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಒಳಗೆ ನೀರಿದೆ ಅಂತ ಅರ್ಥ. ಒಳಗಿನ ನೀರು ಆವಿ ಆದರೆ ಜಾಗ ಸಿಗದೆ ಸಿಡಿಯುತ್ತೆ."

ಶಾಲೆ ತೆರೆಯಿತು. ಮೊದಲ ತಿಂಗಳು ಮಿಸ್ ಮಣ್ಣಿನ ಹೆಸರೇ ಎತ್ತಲಿಲ್ಲ. ಎಲ್ಲರೂ ಒಂದೊಂದು ಚಪ್ಪಲಿ ಬಿಚ್ಚಿ ಮೇಜಿನ ಮೇಲಿಟ್ಟು, ಕಾಗದ ನೋಡದೆ ಬರೀ ಚಪ್ಪಲಿ ನೋಡುತ್ತ ಬರೆಯಬೇಕು ಎಂದರು. ಕಾಗದ ನೋಡಿದಾಗ ಒಬ್ಬನ ಚಪ್ಪಲಿ ಮೀನಾಗಿತ್ತು, ಇನ್ನೊಬ್ಬಳದು ಮೋಡವಾಗಿತ್ತು. ಕೋಣೆಯೆಲ್ಲ ನಗು. ಆದರೆ ಅದನ್ನೇ ಮತ್ತೆ ಮತ್ತೆ ಬರೆಸಿದಾಗ ನಗು ಕಡಿಮೆಯಾಗಿ, ಎರಡನೇ ವಾರ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಇದು ಗಣಿತಕ್ಕಿಂತ ಕಷ್ಟ. ಅಲ್ಲಿ ಉತ್ತರ ಪುಸ್ತಕದ ಹಿಂದಾದ್ರೂ ಇರುತ್ತೆ" ಎಂದ. ಮೂವರು ಮಕ್ಕಳು ಹೆಡ್‌ಮೇಡಂ ಹತ್ತಿರ ಹೋಗಿ ವಿಷಯ ಬದಲಾಯಿಸಿಕೊಡಿ ಎಂದೂ ಕೇಳಿದರಂತೆ. ಮೇಡಂ ನಕ್ಕು ಕಳಿಸಿದರು.

ಮಣ್ಣು ಬಂದ ಮೇಲೆ ಕತೆ ಬೇರೆಯಾಯಿತು. ಗಂಟೆ ಹೊಡೆದರೂ ಮಕ್ಕಳು ಏಳುತ್ತಿರಲಿಲ್ಲ. ಹೋಂವರ್ಕ್ ಇಲ್ಲವೆಂದು ಬಂದವರು ಊಟದ ಬಿಡುವಿನಲ್ಲಿ ಒದ್ದೆ ಬಟ್ಟೆ ಹೊದಿಸಿಟ್ಟ ತಮ್ಮ ತಮ್ಮ ಕೆಲಸ ಒಣಗಿತೋ ಇಲ್ಲವೋ ಎಂದು ಇಣುಕಿ ಹೋಗತೊಡಗಿದರು. ಆಮೆ ತನ್ನ ಹೆಸರಿಗೆ ತಕ್ಕಂತೆ ಆಮೆಯನ್ನೇ ಮಾಡುತ್ತೇನೆ ಎಂದು ಹಟ ಹಿಡಿದಳು. ಚಿಪ್ಪಿನ ಒಂದೊಂದು ಮನೆಯನ್ನೂ ಕಡ್ಡಿಯಿಂದ ಕೊರೆದು, ಇಷ್ಟವಾಗದೆ ಅಳಿಸಿ, ಮತ್ತೆ ಕೊರೆಯುತ್ತಿದ್ದಳು. ಎಲ್ಲರದ್ದೂ ಮುಗಿದು ಅವಳದ್ದು ಮಾತ್ರ ಉಳಿದಿತ್ತು. ಮಿಸ್ ಅವಸರ ಮಾಡಲಿಲ್ಲ.

ಅವಸರ ಮಾಡಿದವರು ಹೆಡ್‌ಮೇಡಂ. ತಂದೆತಾಯಿಯರ ಸಭೆ ಬರುತ್ತಿತ್ತು. "ದೃಶ್ಯಕಲೆ ಅಂದ್ರೆ ಏನು ಅಂತ ಅವರಿಗೆ ಕಾಣಿಸಬೇಕು. ಅರ್ಧ ಜನ ನನ್ನ ಹತ್ರ ಬಂದು, ನಮ್ಮ ಮಗ ಶಾಲೆಗೆ ಬಂದು ಮಣ್ಣಾಡ್ತಾನಂತೆ ಅಂತ ಕೇಳ್ತಿದ್ದಾರೆ. ಒಂದು ಪ್ರದರ್ಶನ ಇಡಿ."

ಶಾಲೆಗೆ ಮಣ್ಣು ಸುಡುವ ಹೊಸ ಕರೆಂಟಿನ ಒಲೆ, ಆವಿಗೆ, ಬಂದಿತ್ತು. ನೋಡಲು ದೊಡ್ಡ ಅಕ್ಕಿ ಡ್ರಮ್ಮಿನ ಹಾಗೆ. ಸಭೆಗೆ ಮೊದಲಿನ ಶನಿವಾರ ಬೆಳಿಗ್ಗೆ ಮಿಸ್ ಒಂದೊಂದೇ ತುಣುಕನ್ನು ಎತ್ತಿ ಕೆನ್ನೆಗೆ ಒತ್ತಿ ನೋಡಿದರು. ತೆಳುವಾದವು ಸರಿಯಿದ್ದವು. ದಪ್ಪನೆಯವು, ಆಮೆ, ಕಪ್ಪೆ, ಒಂದು ಬೂಟು, ಮಲಗಿದ ನಾಯಿ, ಇವು ಸ್ವಲ್ಪ ತಣ್ಣಗಿದ್ದವು. ಬೆಳಗಿನ ಚಳಿಗೆ ಇರಬಹುದು ಎಂದುಕೊಂಡರು. ಹಾಗಲ್ಲ ಎಂದು ಅವರ ಕೆನ್ನೆಗೆ ಗೊತ್ತಿತ್ತು. ಆದರೆ ಸಭೆಯ ದಿನ ಮುಂದೆ ನಿಂತಿತ್ತು, ಯಾವ ಮಗುವಿನ ಕೆಲಸವನ್ನೂ ಬಿಡಲು ಮನಸ್ಸು ಬರಲಿಲ್ಲ. ಎಲ್ಲವನ್ನೂ ಒಳಗಿಟ್ಟು ಮುಚ್ಚಿ ಗುಂಡಿ ಒತ್ತಿದರು.

ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ 'ಟಪ್' ಎಂದು ಒಂದು ಸದ್ದು ಬಂತು. ಮಿಸ್ ಕುಳಿತಲ್ಲೇ ಬಿಗಿಯಾದರು. ಆಮೇಲೆ ಇನ್ನೊಂದು. ಆಮೇಲೆ ಜೋಳ ಹುರಿದ ಹಾಗೆ ಒಂದರ ಹಿಂದೊಂದು. ಆರಿಸಿದರೂ ತೆರೆಯುವಂತಿಲ್ಲ, ತಣಿಯುವವರೆಗೆ ಕಾಯಬೇಕು.

ಸೋಮವಾರ ಮಕ್ಕಳು ಬರುವ ಮೊದಲೇ ಬಂದು ಮುಚ್ಚಳ ಎತ್ತಿದರು. ಮೇಲಿನ ಹಲಗೆಯ ತೆಳು ಬಟ್ಟಲುಗಳು ಕೆಲವು ಉಳಿದಿದ್ದವು. ಕೆಳಗೆ ಎಲ್ಲ ಚೂರು. ಸಿಡಿದ ಕಪ್ಪೆ ಪಕ್ಕದ ಹೂಜಿಯನ್ನು ಒಡೆದಿತ್ತು. ನಾಯಿ ಸಿಡಿದು ಬೂಟಿನ ಮೂತಿ ಹಾರಿಸಿತ್ತು. ಆಮೆಯಂತೂ ಗುರುತಿಗೆ ಸಿಗದಷ್ಟು ನುಚ್ಚಾಗಿತ್ತು. ಮಿಸ್ ಆವಿಗೆಯ ಅಂಚು ಹಿಡಿದು ನಿಂತರು. ಎಷ್ಟೋ ವರ್ಷಗಳಲ್ಲಿ ಆ ಕೋಣೆಯಲ್ಲಿ ಅವರ ಕಣ್ಣು ತುಂಬಿದ್ದು ಅದೇ ಮೊದಲು.

ಮಕ್ಕಳು ಬಂದು ಕೂತರು. ಮಿಸ್ ಸುತ್ತಿ ಬಳಸಿ ಹೇಳಲಿಲ್ಲ.

"ಮಕ್ಕಳೇ, ನಿಮ್ಮ ಕೆಲಸ ಒಡೆದುಹೋಗಿದೆ. ತಪ್ಪು ನಿಮ್ಮದಲ್ಲ, ಆವಿಗೆದೂ ಅಲ್ಲ. ಇನ್ನೂ ಒಣಗಬೇಕಿತ್ತು. ನಾನು ಅವಸರ ಮಾಡಿದೆ."

ಮಿಸ್ ಚೂರುಗಳನ್ನೆಲ್ಲ ದೊಡ್ಡ ಮೇಜಿನ ಮೇಲೆ ಹರಡಿದರು. ಮಕ್ಕಳು ಎದ್ದು ಬಂದು ಸುತ್ತ ನಿಂತರು. ಒಬ್ಬ ಹುಡುಗಿ ಮೂಗೆಳೆದಳು. ಆಗ ಚಪ್ಪಲಿಯನ್ನು ಮೀನು ಮಾಡಿದ್ದ ಹುಡುಗ ಒಂದು ಚೂರು ಎತ್ತಿ ಹಿಡಿದು, "ಏ, ಇದು ನನ್ನ ನಾಯಿ ಕಿವಿ ಕಣ್ರೋ!" ಎಂದ. ಇನ್ನೊಬ್ಬ, "ಹಾಗಾದ್ರೆ ಇದು ಬಾಲ" ಎಂದ. "ಅದು ಬಾಲ ಅಲ್ಲ, ನನ್ನ ಹೂಜಿ ಹಿಡಿ" ಎಂದಳು ಮತ್ತೊಬ್ಬಳು. "ನಿನ್ನ ಹೂಜಿಗೆ ಹಿಡಿ ಇದ್ದದ್ದೇ ನನಗೆ ಗೊತ್ತಿಲ್ಲ." ಮಾತಿಗೆ ಮಾತು ಬೆಳೆದು ಐದು ನಿಮಿಷದಲ್ಲಿ ಕೋಣೆ ಸಂತೆಯಾಯಿತು. ಎಲ್ಲರೂ ತಮ್ಮ ತಮ್ಮ ಚೂರು ಹುಡುಕುತ್ತಿದ್ದರು. ಒಂದು ಬೆರಳಗಲದ ತುಂಡನ್ನೂ ತಮ್ಮದೆಂದು ಗುರುತು ಹಿಡಿಯುತ್ತಿದ್ದರು: ಇಲ್ಲಿ ನನ್ನ ಉಗುರು ತಾಗಿತ್ತು, ಇಲ್ಲಿ ಗಂಜಿ ಜಾಸ್ತಿ ಆಗಿತ್ತು.

ಮಿಸ್ ಅದನ್ನು ನೋಡುತ್ತ ನಿಂತರು. ಒಂದು ಚಪ್ಪಲಿಯನ್ನು ನೆಟ್ಟಗೆ ನೋಡಲು ಬಾರದಿದ್ದ ಮಕ್ಕಳು ಇವರು.

"ಮೇಡಂ ಹತ್ರ ಪ್ರದರ್ಶನ ಬೇಡ ಅಂತ ಹೇಳ್ತೀನಿ" ಎಂದರು ಮಿಸ್.

"ಯಾಕೆ ಮಿಸ್?" ಎಂದಳು ಆಮೆ. ಅವಳ ಅಂಗೈ ತುಂಬ ನುಚ್ಚಿತ್ತು. "ಇದನ್ನೇ ಇಡೋಣ. ಏನಾಗಿತ್ತು ಅಂತ ನಾವೇ ಹೇಳ್ತೀವಿ."

ಹೆಡ್‌ಮೇಡಂ ಒಪ್ಪಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಹಣೆ ಒತ್ತಿಕೊಂಡರು, ಕಿಟಕಿಯ ಆಚೆ ನೋಡಿದರು. "ಒಡೆದದ್ದನ್ನ ತೋರಿಸೋದು ಅಂದ್ರೆ ನಗೆಪಾಟಲು ಆಗಲ್ವಾ?" ಎಂದರು. "ಆಗಬಹುದು ಮೇಡಂ. ಆದ್ರೆ ಮಕ್ಕಳು ತಾವಾಗೇ ಮಾತಾಡ್ತೀವಿ ಅಂತಿದ್ದಾರೆ" ಎಂದರು ಮಿಸ್. ಆ ಮಾತಿಗೆ ಮೇಡಂ ಸೋತರು. ಸಭೆಯಲ್ಲಿ ಮಾತಾಡುವ ಮಕ್ಕಳನ್ನು ಹುಡುಕುವುದೇ ಅವರಿಗೆ ವರ್ಷಾವರ್ಷ ತಲೆನೋವಾಗಿತ್ತಂತೆ.

ಮನೆಯಲ್ಲಿ ಸುದ್ದಿ ಕೇಳಿ ಅತ್ತೆ ನಿಟ್ಟುಸಿರು ಬಿಟ್ಟರು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆನೂ ಬೇಕಾಗಲಿಲ್ಲ ನೋಡು." ಆಮೇಲೆ ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, "ಉಣ್ಣು. ಮಣ್ಣೇನು ಭೂಮಿ ಮೇಲೆ ಮುಗಿದು ಹೋಗಿದೆಯಾ?" ಎಂದರು.

ಸಭೆಯ ದಿನ ಕೋಣೆಯ ಮೇಜುಗಳ ಮೇಲೆ ಬಿಳಿ ಕಾಗದ ಹಾಸಿ, ಒಂದೊಂದು ಚೂರಿನ ಗುಡ್ಡೆ ಇಟ್ಟು, ಅದರ ಹಿಂದೆ ಅದನ್ನು ಮಾಡಿದ ಮಗು ನಿಂತಿತ್ತು. ಬಂದ ತಂದೆತಾಯಿಯರು ಬಾಗಿಲಲ್ಲೇ ತಬ್ಬಿಬ್ಬಾದರು. ಯಾರೋ ಮೆಲ್ಲಗೆ, "ಕಸ ಗುಡಿಸಿಲ್ವಾ ಇನ್ನೂ?" ಎಂದದ್ದು ಮಿಸ್‌ನ ಕಿವಿಗೂ ಬಿತ್ತು.

ಆಮೇಲೆ ಮಕ್ಕಳು ಶುರು ಮಾಡಿದರು.

"ಇದು ನಮ್ಮಜ್ಜನ ಬೂಟು ಅಂಕಲ್. ಹೆಬ್ಬೆರಳ ಹತ್ರ ಸವೆದಿತ್ತು, ಅದನ್ನೂ ಮಾಡಿದ್ದೆ. ಇಲ್ಲಿ ನೋಡಿ, ಲೇಸಿನ ತೂತು ಒಂದು ಉಳಿದಿದೆ."

"ಇದು ಮಲಗಿದ ನಾಯಿ. ಹೊಟ್ಟೆ ಟೊಳ್ಳು ಮಾಡದೆ ಗಟ್ಟಿ ಬಿಟ್ಟಿದ್ದೆ. ಅದಕ್ಕೆ ಮೊದಲು ಸಿಡಿದದ್ದು ಇದೇ. ಎಲ್ಲರದ್ದೂ ಒಡೆದದ್ದು ನನ್ನ ನಾಯಿಯಿಂದಾನೇ!" ಇದನ್ನು ಆ ಹುಡುಗ ಪದಕ ಗೆದ್ದವನ ಹಾಗೆ ಎದೆಯುಬ್ಬಿಸಿ ಹೇಳಿದ. ನಗು ಎದ್ದಿತು. ಬಾಗಿಲಲ್ಲಿ ನಿಂತವರು ಒಳಗೆ ಬಂದರು. ಸುಮ್ಮನೆ ಬಟ್ಟಲುಗಳನ್ನು ಇಟ್ಟಿದ್ದರೆ ಚೆನ್ನಾಗಿದೆ ಎಂದು ಎರಡು ನಿಮಿಷದಲ್ಲಿ ಹೊರಡುತ್ತಿದ್ದ ಜನ, ಈಗ ಒಂದೊಂದು ಗುಡ್ಡೆಯ ಮುಂದೂ ನಿಂತು, ಇದು ಎಲ್ಲಿ ಸೇರುತ್ತಿತ್ತು, ಅದು ಯಾವ ಕಡೆಯದು ಎಂದು ಕೇಳುತ್ತಿದ್ದರು.

ಗಣಿತದ ಸರ್ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಸುತ್ತು ಬಂದು ಆಮೆಯ ಮೇಜಿನ ಮುಂದೆ ನಿಂತರು. ಅವರ ಕ್ಲಾಸಿನಲ್ಲಿ ಆ ಹುಡುಗಿ ಒಂದು ವರ್ಷದಲ್ಲಿ ಪೂರ್ತಿ ವಾಕ್ಯ ಆಡಿದವಳಲ್ಲ. ಈಗ ಅವಳು ನುಚ್ಚನ್ನು ಬೆರಳಿನಿಂದ ಸರಿಸುತ್ತ, ಚಿಪ್ಪಿನ ನಡುವೆ ಆರು ಮೂಲೆಯ ಮನೆಗಳು ಬರುತ್ತವೆ, ಅಂಚಿಗೆ ಹೋದಂತೆ ಅವು ಸಣ್ಣದಾಗುತ್ತವೆ, ಒಂದು ತಪ್ಪಿದರೆ ಕೊನೆಯಲ್ಲಿ ಎಲ್ಲವೂ ಓರೆಯಾಗುತ್ತವೆ, ಅದಕ್ಕೇ ತಾನು ಅಷ್ಟು ಸಲ ಅಳಿಸಿದ್ದು ಎಂದು ವಿವರಿಸುತ್ತಿದ್ದಳು. ಸರ್ ಕನ್ನಡಕ ತೆಗೆದು ಒರೆಸಿಕೊಂಡು ಹಾಕಿಕೊಂಡರು.

"ಆರು ಮೂಲೆನೇ ಯಾಕೆ?" ಎಂದು ಕೇಳಿದರು.

"ಅದು ಸಂದು ಬಿಡದೆ ಕೂರುತ್ತೆ ಸರ್. ಐದು ಮೂಲೆ ಹಾಕಿ ನೋಡಿದೆ, ಸಂದು ಬಂತು."

ಸರ್ ಕಾಗದದ ಮೇಲೆ ಬೆರಳಿನಿಂದ ಆರು ಮೂಲೆ ಎಳೆದು ನೋಡಿದರು. ಹೋಗುವಾಗ ಮಿಸ್‌ನ ಹತ್ತಿರ ಬಂದು, "ಇವಳನ್ನ ನಾಳೆಯಿಂದ ಮುಂದಿನ ಬೆಂಚಿಗೆ ಕರೀತೀನಿ" ಎಂದಷ್ಟೇ ಹೇಳಿದರು. ಆಮೆಯ ತಾಯಿ ಒಂದು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವಾಕೆ. ಮೂಲೆಯಲ್ಲಿ ನಿಂತು ಮಗಳ ಬಾಯಿಯನ್ನೇ ನೋಡುತ್ತಿದ್ದರು. "ಮನೇಲಿ ಇಷ್ಟು ಮಾತಾಡಲ್ಲ ಮಿಸ್ ಇವಳು" ಎಂದರು. "ನನ್ನ ಹತ್ರಾನೂ ಆಡಿರಲಿಲ್ಲಮ್ಮ" ಎಂದರು ಮಿಸ್.

ಮಣ್ಣಾಡುವ ಮಗನ ಬಗ್ಗೆ ದೂರು ಕೊಟ್ಟಿದ್ದ ತಂದೆಯೊಬ್ಬರು ಮಾತ್ರ ಕೊನೆಗೆ ಗಂಟಲು ಸರಿಮಾಡಿಕೊಂಡು, "ಎಲ್ಲ ಸರಿ ಮಿಸ್. ಆದ್ರೆ ಇದನ್ನ ಓದಿ ಮುಂದೇನು ಮಾಡ್ತಾರೆ?" ಎಂದು ಕೇಳಿಯೇ ಬಿಟ್ಟರು.

ಮಿಸ್ ಯೋಚಿಸಿದರು. ಮನೆ ಕಟ್ಟುವವರಾಗಬಹುದು, ಬಟ್ಟೆಗೆ ವಿನ್ಯಾಸ ಹಾಕುವವರಾಗಬಹುದು, ಹಲ್ಲಿನ ಡಾಕ್ಟರಾದರೂ ಕೈ ಪಳಗಿರಬೇಕು ಎಂದು ಹೇಳಬಹುದಿತ್ತು. ಅದನ್ನೆಲ್ಲ ಹೇಳಿದರು ಕೂಡ. ಆಮೇಲೆ, "ಏನೂ ಆಗದಿದ್ದರೂ ಒಡೆದದ್ದನ್ನ ಮತ್ತೆ ಮಾಡ್ತಾರೆ ಸರ್. ಮುಂದಿನ ತಿಂಗಳು ಬಂದು ನೋಡಿ" ಎಂದರು.

ಮತ್ತೆ ಮಾಡಿದರು. ಈ ಸಲ ಹೊಟ್ಟೆ ಟೊಳ್ಳು ಮಾಡಿ, ತಳಕ್ಕೆ ಸೂಜಿ ಚುಚ್ಚಿ ಒಳಗಿನ ಹಬೆ ಹೊರಬರಲು ದಾರಿ ಬಿಟ್ಟರು. ಒಣಗಲು ಇಟ್ಟ ಹಲಗೆಯ ಮುಂದೆ ಬಂದವರೆಲ್ಲ ತಮ್ಮ ತುಣುಕನ್ನು ಕೆನ್ನೆಗೆ ಒತ್ತಿ, "ಇನ್ನೂ ತಣ್ಣಗಿದೆ ಮಿಸ್" ಎಂದು ತಾವೇ ಮತ್ತೆ ಇಟ್ಟು ಹೋಗುತ್ತಿದ್ದರು. ಎರಡು ವಾರ ಕಾದರು. ಸುಡುವ ದಿನ ಸೀಮೆಸುಣ್ಣ ತಾನೇ ಬಂದು ಹತ್ತಿರ ಕುಳಿತಳು. ಆವಿಗೆಯ ಮುಚ್ಚಳದ ಅಡಿ ಸಣ್ಣ ಕಲ್ಲು ಇಟ್ಟು ಒಂದೆಳೆ ಸಂದು ಬಿಟ್ಟು, ಬಿಸಿಯನ್ನು ನಿಧಾನ ನಿಧಾನವಾಗಿ ಏರಿಸಿದಳು. ಇಬ್ಬರೂ ಚಹಾ ಕುಡಿಯುತ್ತ ಹಳೆಯ ಮಾತಾಡಿದರು. ಒಳಗಿನಿಂದ ಒಂದು ಸದ್ದೂ ಬರಲಿಲ್ಲ.

ಮುಚ್ಚಳ ತೆಗೆದ ದಿನ ಇಡೀ ಕ್ಲಾಸು ಅಲ್ಲಿತ್ತು, ಸೀಮೆಸುಣ್ಣ ಕೂಡ ಬಂದಿದ್ದಳು. ಒಂದು ಹೂಜಿಗೆ ಬಿರುಕು ಬಿಟ್ಟಿತ್ತು, ಮಿಕ್ಕದ್ದೆಲ್ಲ ಗಟ್ಟಿಯಾಗಿ, ಕೆಂಪಗೆ, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ಟಿಣ್ ಎನ್ನುವಂತೆ ಬೆಂದಿತ್ತು. ಆಮೆಯ ಆಮೆ ಮೊದಲಿನದಕ್ಕಿಂತ ಚಿಕ್ಕದು, ಕತ್ತು ಸ್ವಲ್ಪ ಗಿಡ್ಡ, ಆದರೆ ಚಿಪ್ಪಿನ ಗೆರೆಗಳು ಒಂದಕ್ಕೊಂದು ಕಚ್ಚಿ ಕುಳಿತಿದ್ದವು. ಅವಳು ಇನ್ನೂ ಬೆಚ್ಚಗಿದ್ದ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಮಿಸ್, ಮುಂದಿನ ವರ್ಷ ಚಕ್ರ ಕಲಿಸ್ತೀರಾ?" ಎಂದಳು.

"ನನಗೇ ಬರಲ್ಲ ಕಣೇ."

"ಹಾಗಾದ್ರೆ ಕಲಿತ್ಕೊಳ್ಳಿ ಮಿಸ್. ರಜೆ ಇದೆಯಲ್ಲ."

ಮಿಸ್ ಸೀಮೆಸುಣ್ಣದ ಕಡೆ ನೋಡಿದರು. ಸೀಮೆಸುಣ್ಣ ತನ್ನ ಮೊಣಕೈಯನ್ನು ತೊಡೆಗೆ ಊರಿ ತೋರಿಸಿದಳು. ಮಕ್ಕಳಿಗೆ ಅರ್ಥವಾಗಲಿಲ್ಲ. ಮಿಸ್ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮರುವರ್ಷದ ಆಯ್ಕೆಯ ದಿನ ಸಾಲು ಗಿಡ್ಡವಾಗಿತ್ತು. ದೃಶ್ಯಕಲೆ ಸುಲಭವಲ್ಲ ಎಂಬ ಸುದ್ದಿ ಅಷ್ಟರಲ್ಲಿ ಹರಡಿತ್ತು. ಹೆಡ್‌ಮೇಡಂ ಸ್ವಲ್ಪ ಚಿಂತೆಯಲ್ಲಿದ್ದರು. ಬಣ್ಣದ ಮಿಸ್‌ಗೆ ಚಿಂತೆ ಇರಲಿಲ್ಲ. ಬಂದವರು ಬೇಕೆಂದೇ ಬಂದವರು. ಅವರಿಗೆಲ್ಲ ಒಂದೊಂದು ಚಪ್ಪಲಿ ಬಿಚ್ಚಿ ಮೇಜಿನ ಮೇಲಿಡಲು ಹೇಳಿ, ಕಿಟಕಿಯ ಪರದೆ ಸರಿಸಿ, ಬೆಳಕು ಪೂರ್ತಿ ಒಳಗೆ ಬಿಟ್ಟರು.